ಬೆಕ್ಕು ಹೋದ ಮೇಲೆ ಕಾಡುವ ‘ನನ್ನಿಂದಲೇ ಆಯ್ತು’: ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ಬೆಕ್ಕು ಸತ್ತ ಮನೆಗೆ ಯಾರೂ ಮಾತಾಡಿಸಲು ಬರುವುದಿಲ್ಲ. ಸೂತಕವಿಲ್ಲ, ಹನ್ನೊಂದನೇ ದಿನವಿಲ್ಲ, ಆಫೀಸಿನಲ್ಲಿ ರಜೆ ಕೇಳುವಂತೆಯೂ ಇಲ್ಲ. ಪಕ್ಕದ ಮನೆಯವರು ಬೇಲಿಯಾಚೆ ನಿಂತು ‘ಬೆಕ್ಕಲ್ವಾ ಮಾರಾಯ್ರೆ, ಇನ್ನೊಂದು ಮರಿ ತಂದ್ರಾಯ್ತು’ ಅನ್ನುತ್ತಾರೆ, ಮಾತು ಅಡಿಕೆ ರೇಟಿನ ಕಡೆ ಹೋಗುತ್ತದೆ. ಸಮಾಜ ಲೆಕ್ಕಕ್ಕೇ ಹಿಡಿಯದ ಇಂಥ ದುಃಖಗಳ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ಹೇಳಿಕೊಳ್ಳಲು ಜಾಗ ಸಿಗದ ದುಃಖ ಒಳಗೇ ಕೂತು ತಪ್ಪು ಹುಡುಕಲು ಶುರು ಮಾಡುತ್ತದೆ. ಮೊದಲೇ ಗಮನಿಸಬೇಕಿತ್ತು, ಬೆಂಗಳೂರಿಗೆ ಒಯ್ಯಬೇಕಿತ್ತು, ದಯಾಮರಣದ ಆ ಇಂಜೆಕ್ಷನ್ನಿಗೆ ಒಪ್ಪಬಾರದಿತ್ತು, ಇನ್ನೂ ಬೇಗ ಒಪ್ಪಬೇಕಿತ್ತು. ಕೊನೆಯ ಎರಡೂ ಒಂದಕ್ಕೊಂದು ವಿರುದ್ಧ. ಆದರೂ ಒಬ್ಬರೇ, ಒಂದೇ ರಾತ್ರಿಯಲ್ಲಿ, ಎರಡನ್ನೂ ಹೇಳಿಕೊಂಡು ಅಳುತ್ತಾರೆ.

ವಾಸಿಯಾಗದ ಕಾಯಿಲೆಯಲ್ಲಿ ಬೆಕ್ಕನ್ನು ಕಳೆದುಕೊಂಡವರಿಗೆ ಈ ಬರಹ. ಉದಾಹರಣೆಗಳು ಹೆಚ್ಚಾಗಿ ಮೂತ್ರಪಿಂಡದ ಕಾಯಿಲೆಯವು; ವಯಸ್ಸಾದ ಬೆಕ್ಕುಗಳಲ್ಲಿ ತುಂಬಾ ಸಾಮಾನ್ಯವಾದದ್ದು ಅದು, ‘ಗೊತ್ತೇ ಆಗಲಿಲ್ವಲ್ಲ’ ಎಂಬ ಕೊರಗು ಹೆಚ್ಚು ಹುಟ್ಟಿಸುವುದೂ ಅದೇ.

1. ಮೊದಲ ದಿನ: ಮಣ್ಣು ಮಾಡುವುದು

ಗಡಿಬಿಡಿ ಬೇಡ. ರಾತ್ರಿ ಹೋಗಿದ್ದರೆ ಬೆಳಗಿನವರೆಗೆ ತಂಪು ಜಾಗದಲ್ಲಿ ಇರಿಸಬಹುದು. ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುತ್ತದೆ, ಹಾಗಾಗಿ ಮೊದಲೇ ಕಾಲು ಮಡಚಿ, ಮಲಗುವ ಭಂಗಿಯಲ್ಲಿ ಹಳೇ ಪಂಚೆಯಲ್ಲೋ ಸೀರೆಯಲ್ಲೋ ಸುತ್ತಿ. ಪ್ಲಾಸ್ಟಿಕ್ ಬೇಡ.

ಗುಂಡಿ ಕನಿಷ್ಠ ಮೂರು ಅಡಿ ಇರಲಿ. ನಮ್ಮ ಕಡೆ ಹಂದಿ, ನರಿ, ಬೀದಿನಾಯಿ ಮೂರಕ್ಕೂ ಮಣ್ಣು ಕೆದಕುವುದು ಗೊತ್ತು. ಮೇಲೆ ಭಾರದ ಕಲ್ಲು ಹೇರಿ. ಮಳೆಗಾಲದಲ್ಲಿ ತೋಟದ ತಗ್ಗಿನಲ್ಲಿ ಅಗೆದರೆ ಒಂದೂವರೆ ಅಡಿಗೇ ನೀರು ಜಿನುಗುತ್ತದೆ, ಆದ್ದರಿಂದ ಹಿತ್ತಿಲ ಎತ್ತರದ ಜಾಗ ನೋಡಿ. ಬಾವಿ, ಹಳ್ಳದಿಂದ ದೂರವಿರಲಿ. ಇಂಜೆಕ್ಷನ್ ಕೊಡಿಸಿದ್ದರೆ ಆಳದ ವಿಷಯದಲ್ಲಿ ರಾಜಿ ಬೇಡವೇ ಬೇಡ. ಅದಕ್ಕೆ ಬಳಸುವ ಅರಿವಳಿಕೆ ಮದ್ದು ದೇಹದಲ್ಲಿ ಉಳಿದಿರುತ್ತದೆ. ಅಗೆದು ತಿಂದ ನಾಯಿ ನರಿಗೂ ವಿಷವಾಗಬಹುದು.

ಶಿವಮೊಗ್ಗ ಪೇಟೆಯ ಬಾಡಿಗೆ ಮನೆಯವರಿಗೆ ಅಂಗೈಯಗಲ ಮಣ್ಣೂ ಇರುವುದಿಲ್ಲ. ಊರಲ್ಲಿ ತೋಟವಿರುವ ಸ್ನೇಹಿತರನ್ನು ಕೇಳಲು ಸಂಕೋಚ ಬೇಡ. ಯಾರೂ ಇಲ್ಲದಿದ್ದರೆ ಬೆಕ್ಕನ್ನು ನೋಡಿದ ವೈದ್ಯರನ್ನೋ ಮಹಾನಗರ ಪಾಲಿಕೆಯನ್ನೋ ವಿಚಾರಿಸಿ. ಪಾಲಿಕೆಯ ಗಾಡಿಗೆ ಕೊಟ್ಟವರು ‘ಕಸದ ಹಾಗೆ ಕೊಟ್ಟೆನಲ್ಲ’ ಎಂದು ವರ್ಷಗಟ್ಟಲೆ ನೊಂದುಕೊಳ್ಳುವುದಿದೆ. ಜಾಗವಿಲ್ಲದ್ದು ನಿಮ್ಮ ಪ್ರೀತಿಯ ಕೊರತೆಯಿಂದಲ್ಲ, ಸೈಟಿನ ಬೆಲೆಯಿಂದ.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದು, ಕಾಯಿಲೆ ಅಂಟುವಂಥದ್ದಲ್ಲದಿದ್ದರೆ, ಮಣ್ಣು ಮಾಡುವ ಮೊದಲು ಅದಕ್ಕೊಮ್ಮೆ ಮೂಸಲು ಬಿಡಿ. ದೀಪ ಹಚ್ಚಬೇಕೆನಿಸಿದರೆ ಹಚ್ಚಿ. ‘ಬೆಕ್ಕಿಗೆಲ್ಲ ಯಾರು ಮಾಡ್ತಾರೆ’ ಎನ್ನುವವರಿಗೆ ಉತ್ತರ ಕೊಡುವ ಹಂಗು ಆ ದಿನ ನಿಮಗಿಲ್ಲ.

2. ಕೊನೆಯ ಗಳಿಗೆಯಲ್ಲಿ ಕಂಡದ್ದನ್ನು ವೈದ್ಯರ ಹತ್ತಿರ ಕೇಳಿ

ಕಣ್ಣು ಮುಚ್ಚಿದರೆ ಸಾಕು, ಆ ಕೊನೆಯ ನಿಮಿಷಗಳೇ ಮತ್ತೆ ಮತ್ತೆ ಬರುತ್ತವೆ. ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು. ಇಂಜೆಕ್ಷನ್ ಆದ ಮೇಲೂ ಎರಡು ಸಲ ಬಾಯಿ ತೆರೆದು ಉಸಿರೆಳೆಯಿತು. ಉಚ್ಚೆ ಹೋಯಿತು, ಹೆದರಿತ್ತೇನೋ.

ದಯಾಮರಣಕ್ಕೆ ಕೊಡುವುದು ಅರಿವಳಿಕೆ ಮದ್ದಿನ ಅತಿ ಪ್ರಮಾಣ. ಮೊದಲು ಹೋಗುವುದು ಪ್ರಜ್ಞೆ. ಉಸಿರು, ಎದೆಬಡಿತ ನಿಲ್ಲುವುದು ಆಮೇಲೆ. ಸತ್ತ ಬೆಕ್ಕಿನ ಕಣ್ಣು ತಾನಾಗಿ ಮುಚ್ಚುವುದಿಲ್ಲ, ಮುಚ್ಚಿದರೂ ನಿಲ್ಲುವುದಿಲ್ಲ. ಕೊನೆಯಲ್ಲಿ ಬರುವ ಆ ದೊಡ್ಡ ಉಸಿರು ಸ್ನಾಯುಗಳ ಕೆಲಸ, ಅದನ್ನು ಅನುಭವಿಸಲು ಒಳಗೆ ಯಾರೂ ಎಚ್ಚರವಿರುವುದಿಲ್ಲ. ಮೂತ್ರ ಹೋಗುವುದು ಬಿಗಿ ಸಡಿಲವಾದದ್ದಕ್ಕೆ. ಇಂಜೆಕ್ಷನ್ ಇಲ್ಲದೆ ಮನೆಯಲ್ಲೇ ತಾನಾಗಿ ಹೋದ ಬೆಕ್ಕಿನಲ್ಲೂ ಈ ಲಕ್ಷಣಗಳು ಕಾಣುತ್ತವೆ.

ಇದನ್ನು ಓದಿದರೆ ಅರ್ಧ ಸಮಾಧಾನ. ಉಳಿದರ್ಧ ಸಿಗುವುದು ನಿಮ್ಮ ಬೆಕ್ಕನ್ನು ನೋಡಿದವರ ಬಾಯಿಂದ ಕೇಳಿದಾಗ. ಒಂದು ವಾರ ಬಿಟ್ಟು ಫೋನ್ ಮಾಡಿ, ‘ಹೀಗೆ ಕಂಡಿತು, ಅದೇನು?’ ಎಂದು ನೇರವಾಗಿ ಕೇಳಿ. ಬೇಜಾರು ಮಾಡಿಕೊಳ್ಳುವ ವೈದ್ಯರು ಕಡಿಮೆ. ಅವರಿಗೂ ಆ ಪ್ರಶ್ನೆ ಹೊಸದಲ್ಲ.

3. ಒಂದು ಹಾಳೆ, ಮೂರು ಕಲಂ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ.

1975ರಲ್ಲಿ ಬರೂಕ್ ಫಿಶ್‌ಹಾಫ್ ಎಂಬ ಮನೋವಿಜ್ಞಾನಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಒಂದು ಘಟನೆ ಹೇಗೆ ಮುಗಿಯಿತೆಂದು ಮೊದಲೇ ಹೇಳಿಬಿಟ್ಟರೆ, ಅದು ಹಾಗೇ ಮುಗಿಯುತ್ತದೆಂದು ಊಹಿಸುವುದು ಸುಲಭವಿತ್ತು ಎಂದು ಜನ ನಂಬಿಬಿಡುತ್ತಾರೆ. ಬೆಕ್ಕು ಕಳೆದುಕೊಂಡವರ ತಲೆಯಲ್ಲಿ ನಡೆಯುವುದೂ ಇದೇ. ಕೊನೆಯ ವಾರ ರಕ್ತಪರೀಕ್ಷೆಯ ಚೀಟಿಯಲ್ಲಿ ಓದಿದ್ದನ್ನು ಆರು ತಿಂಗಳ ಹಿಂದಿನ ತಮ್ಮ ಕೈಗೆ ಕೊಟ್ಟು, ‘ಗೊತ್ತಿದ್ದೂ ಸುಮ್ಮನಿದ್ದೆಯಲ್ಲ’ ಎಂದು ಬೈಯುತ್ತಾರೆ.

ಇದನ್ನು ಬಿಡಿಸಲು ತಲೆಯನ್ನು ನಂಬಬೇಡಿ, ಕಾಗದ ತೆಗೆದುಕೊಳ್ಳಿ. ಮೊದಲ ಕಲಮಿನಲ್ಲಿ ತಾರೀಕು, ಎರಡನೆಯದರಲ್ಲಿ ಆ ದಿನ ಕಣ್ಣಿಗೆ ಕಂಡದ್ದು, ಮೂರನೆಯದರಲ್ಲಿ ಆಗ ಏನೆಂದುಕೊಂಡಿರಿ, ಏನು ಮಾಡಿದಿರಿ ಎಂಬುದು. ‘ಮಾಡಬೇಕಿತ್ತು’ ಎಂಬ ನಾಲ್ಕನೇ ಕಲಂ ಹಾಕಬೇಡಿ. ತಾರೀಕುಗಳು ಫೋನಿನ ಗ್ಯಾಲರಿಯಲ್ಲಿವೆ, ವಾಟ್ಸಾಪಿನಲ್ಲಿವೆ, ಮೆಡಿಕಲ್ ಶಾಪಿನ ಬಿಲ್ಲಿನಲ್ಲಿವೆ. ಫೋಟೋ ನೋಡುವುದು ಕಷ್ಟವೆನಿಸಿದರೆ ಮನೆಯ ಇನ್ನೊಬ್ಬರು ನೋಡಿ ಹೇಳಲಿ, ನೀವು ಬರೆದುಕೊಳ್ಳಿ.

ಸಾಗರದ ಕಡೆಯ ಒಂದು ಮನೆಯ ಹಾಳೆ ಹೀಗಿದ್ದೀತು. ಜುಲೈ: ಇಡೀ ದಿನ ಬಚ್ಚಲ ಒಲೆಯ ಪಕ್ಕ ಮಲಗಿರುತ್ತದೆ, ಮಳೆಯಲ್ವಾ, ಚಳಿಗೆ ಎಂದುಕೊಂಡೆವು. ಆಗಸ್ಟ್: ಸ್ವಲ್ಪ ಸೊರಗಿದೆ, ಗದ್ದೆ ಇಲಿ ಹಿಡಿಯಲು ಹೋಗಿ ಸರಿಯಾಗಿ ಊಟಕ್ಕೆ ಬರುತ್ತಿಲ್ಲ. ಸೆಪ್ಟೆಂಬರ್: ಮೀನು ಹಾಕಿದರೂ ಮೂಸಿ ಹೋಯಿತು, ಎರಡು ಸಲ ವಾಂತಿ, ಹುಲ್ಲು ತಿಂದಿರಬೇಕು. ಮರುವಾರ ಬಾಯಿ ವಾಸನೆ, ಆಸ್ಪತ್ರೆಗೆ ಒಯ್ದೆವು.

ಈಗ ಕಾಯಿಲೆಯ ಕಡೆಯಿಂದ ನೋಡಿ. ಮೂತ್ರಪಿಂಡದ ಕಾರ್ಯಶಕ್ತಿಯ ಸುಮಾರು ಮುಕ್ಕಾಲು ಭಾಗ ಹೋದ ಮೇಲಷ್ಟೇ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲ) ಮಿತಿ ಮೀರುವುದು. ಅಂದರೆ ಪ್ರಯೋಗಾಲಯವೂ ಬಹುಕಾಲ ‘ಎಲ್ಲ ಸರಿ’ ಎನ್ನುತ್ತಿತ್ತು. ಪುಸ್ತಕದ ಮೊದಲ ಲಕ್ಷಣಗಳು ಎರಡು: ನೀರು ಹೆಚ್ಚು ಕುಡಿಯುವುದು, ಮೂತ್ರ ಹೆಚ್ಚು ಮಾಡುವುದು. ಫ್ಲಾಟಿನಲ್ಲಿ ಒಂದೇ ನೀರಿನ ಬಟ್ಟಲು, ಒಂದು ಮರಳಿನ ಟ್ರೇ. ಬಟ್ಟಲು ಬೇಗ ಖಾಲಿಯಾದರೆ, ಟ್ರೇ ಭಾರವಾದರೆ ಕಾಣುತ್ತದೆ. ನಮ್ಮ ಮನೆಗಳಲ್ಲಿ? ಬೆಕ್ಕು ಬಟ್ಟೆ ಒಗೆಯುವ ಕಲ್ಲಿನ ಗುಳಿಯಲ್ಲಿ ಕುಡಿಯುತ್ತದೆ, ಕೊಟ್ಟಿಗೆಯ ಬಾನಿಯಲ್ಲಿ, ಸೂರಿನಡಿಯ ಬಕೆಟ್ಟಿನಲ್ಲಿ, ಹಂಡೆಯ ಪಕ್ಕದ ಬೋಗುಣಿಯಲ್ಲಿ. ಮೂತ್ರಕ್ಕೆ ಇಡೀ ತೋಟವಿದೆ. ಇನ್ನು ಮಂಕಾಗಿ ಮಲಗುವುದು: ಆಷಾಢದಲ್ಲಿ ಮಲೆನಾಡಿನ ಯಾವ ಆರೋಗ್ಯವಂತ ಬೆಕ್ಕು ಒಲೆ ಬಿಟ್ಟು ಏಳುತ್ತದೆ? ಜೊತೆಗೆ ನೋವನ್ನು ಅಡಗಿಸಿಕೊಳ್ಳುವುದು ಅದರ ಹುಟ್ಟುಗುಣ, ನೋವಿನಲ್ಲೂ ಗುರುಗುಡುತ್ತದೆ.

ಇಷ್ಟನ್ನೂ ಇಟ್ಟುಕೊಂಡು ಹಾಳೆಯ ಒಂದೊಂದೇ ಸಾಲಿಗೆ ಕೇಳಿ: ಆ ದಿನ, ಅಷ್ಟೇ ಕಂಡಿದ್ದಾಗ, ಪಕ್ಕದ ಮನೆಯವರು ಬೇರೇನಾದರೂ ಮಾಡುತ್ತಿದ್ದರೇ? ಬಹಳ ಸಾಲುಗಳಿಗೆ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಒಂದೆರಡಕ್ಕೆ ‘ಹೌದು’ ಬರಬಹುದು. ಅವುಗಳಿಗೆ ಗುರುತು ಹಾಕಿ ಇಟ್ಟುಕೊಳ್ಳಿ, ಆರನೇ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಔಷಧಿ ಕುಡಿಸಿದ ದಿನಗಳನ್ನೂ ಹಾಳೆಯಲ್ಲಿ ಬಿಡದೆ ಬರೆಯಿರಿ. ‘ಕೊನೆಗಾಲದಲ್ಲಿ ಟವೆಲಿನಲ್ಲಿ ಸುತ್ತಿ ಸಿರಿಂಜಿನಿಂದ ಬಾಯಿಗೆ ಹಾಕಿದೆ, ನನ್ನನ್ನು ಕಂಡರೆ ಮಂಚದಡಿ ಓಡುತ್ತಿತ್ತು, ದ್ವೇಷಿಸಿಕೊಂಡೇ ಹೋಯಿತು’ ಎಂಬುದು ಆಗಾಗ ಕೇಳುವ ಸಂಕಟ. ಬೆಕ್ಕು ಓಡಿದ್ದು ಸಿರಿಂಜನ್ನು ಕಂಡು, ಕಹಿಯ ರುಚಿಗೆ. ಅದೇ ರಾತ್ರಿ ಎಲ್ಲಿ ಮಲಗಿತ್ತು ಎಂದು ನೆನಪು ಮಾಡಿಕೊಂಡು ಆ ಸಾಲಿನ ಪಕ್ಕದಲ್ಲೇ ಬರೆಯಿರಿ.

4. ‘ಬೆಂಗಳೂರಿಗೆ ಒಯ್ದಿದ್ದರೆ’

ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ತೀರ್ಥಹಳ್ಳಿಯವರಿಗೆ ಶಿವಮೊಗ್ಗವೇ 60 ಕಿಲೋಮೀಟರ್. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆಯುವವರೆಗೆ ತುಮರಿ ಕಡೆಯವರು ಲಾಂಚಿಗೆ ಕಾದು ದಾಟಬೇಕಿತ್ತು, ರಾತ್ರಿಯಾದರೆ ಅದೂ ಇಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಗಳು ದನ ಎಮ್ಮೆಗಳ ಲೆಕ್ಕದಲ್ಲಿ ಕಟ್ಟಿದವು. ಬೆಕ್ಕನ್ನು ಪರೀಕ್ಷಿಸಿ ರಕ್ತ ತೆಗೆಯುವ ಅನುಕೂಲ ಬೇಕೆಂದರೆ ಸುತ್ತಲಿನವರು ಶಿವಮೊಗ್ಗದ ಖಾಸಗಿ ಕ್ಲಿನಿಕ್ಕಿಗೋ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಬರಬೇಕು. ದೂರವೆಂಬುದು ನಿಮ್ಮ ಅಸಡ್ಡೆಯಿಂದ ಹುಟ್ಟಿದ್ದಲ್ಲ.

ಒಯ್ದಿದ್ದರೆ ಅಲ್ಲಿ ಏನು ಮಾಡುತ್ತಿದ್ದರು ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಮೂತ್ರಪಿಂಡ ಕೈಕೊಟ್ಟ ಕೊನೆಯ ಹಂತದಲ್ಲಿ ಎಲ್ಲಿ ಹೋದರೂ ಮುಖ್ಯ ಚಿಕಿತ್ಸೆ ಒಂದೇ ಜಾತಿಯದು: ಡ್ರಿಪ್, ವಾಕರಿಕೆಗೆ ಮದ್ದು, ರಕ್ತದೊತ್ತಡಕ್ಕೆ ಮಾತ್ರೆ, ರಂಜಕ (ಫಾಸ್ಫರಸ್) ಕಡಿಮೆ ಇರುವ ಆಹಾರ. ಹಾಳಾದ ಭಾಗ ಮತ್ತೆ ಬೆಳೆಯುವುದಿಲ್ಲ. ಕೆಲವು ವಾರಗಳೋ ತಿಂಗಳುಗಳೋ ಹೆಚ್ಚು ಸಿಗುತ್ತಿತ್ತೇನೋ. ಆ ದಿನಗಳಲ್ಲಿ ಕೆಲವನ್ನಾದರೂ ಅದು ಗುರುತಿಲ್ಲದ ಪಂಜರದಲ್ಲಿ, ಕಾಲಿಗೆ ಸೂಜಿ ಚುಚ್ಚಿಸಿಕೊಂಡು ಕಳೆಯಬೇಕಾಗುತ್ತಿತ್ತೇನೋ.

ಎಫ್‌ಐಪಿ ಎಂಬ ಕಾಯಿಲೆಯ ಮಾತು ಬೇರೆ. ಬೆಕ್ಕಿನ ಕೊರೋನಾ ವೈರಸ್ ದೇಹದೊಳಗೇ ರೂಪ ಬದಲಿಸಿದಾಗ ಬರುವ, ಹೆಚ್ಚಾಗಿ ಎರಡು ವರ್ಷದೊಳಗಿನವನ್ನು ಹಿಡಿಯುವ ಈ ರೋಗ ದಶಕಗಳ ಕಾಲ ಮರಣಶಾಸನವೇ ಆಗಿತ್ತು. 2019ರ ಸುಮಾರಿಗೆ ಜಿಎಸ್-441524 ಎಂಬ ಮದ್ದು ಕೆಲಸ ಮಾಡುತ್ತದೆಂದು ಪ್ರಕಟವಾಯಿತು. ಸಾಮಾನ್ಯ ಕ್ರಮ 84 ದಿನದ್ದು, ದುಬಾರಿ. ಬೆಕ್ಕು ಹೋದ ಮೇಲೆ ಯೂಟ್ಯೂಬಿನಲ್ಲಿ ಇದನ್ನು ನೋಡಿ ಕುಸಿದವರಿದ್ದಾರೆ. ನಿಮ್ಮ ಹಾಳೆಗೆ ಹೋಗಿ: ಆ ತಾರೀಕಿನಂದು ಆ ಮದ್ದಿನ ಹೆಸರನ್ನು ಯಾರಾದರೂ ನಿಮಗೆ ಹೇಳಿದ್ದರೇ? ಹೇಳಿದ್ದೂ ದುಡ್ಡಿರಲಿಲ್ಲ ಎಂದಾದರೆ, ಮಕ್ಕಳ ಫೀಸನ್ನೋ ಸೊಸೈಟಿ ಸಾಲದ ಕಂತನ್ನೋ ಕಟ್ಟಿದ್ದು ಅಪರಾಧವಲ್ಲ. ನನ್ನ ಮಟ್ಟಿಗೆ ಇದರಲ್ಲಿ ಎರಡನೇ ಮಾತಿಲ್ಲ.

5. ಇಂಜೆಕ್ಷನ್, ಮತ್ತು ಕಾಶಿಯ ಚಿನ್ನದ ಬೆಕ್ಕು

ಬೆಕ್ಕು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕೆಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಅಪರೂಪ. ದಯಾಮರಣಕ್ಕೆ ಒಪ್ಪಿ ಮನೆಗೆ ಬಂದ ದಿನ ಅತ್ತೆಯೋ ದೊಡ್ಡಮ್ಮನೋ ಅದನ್ನು ನೆನಪಿಸಿದರೆ ಮುಗಿಯಿತು. ಡಿಗ್ರಿ ಓದಿದವರೂ ಒಳಗೊಳಗೇ ನಡುಗುತ್ತಾರೆ.

ಆ ಮಾತು ಯಾರನ್ನು ತಡೆಯುವುದಕ್ಕಿತ್ತು ಎಂದು ಯೋಚಿಸಿ. ಹಾಲಿನ ಪಾತ್ರೆ ಉರುಳಿಸಿತೆಂದು ಸೌದೆ ಕೊಳ್ಳಿ ಬೀಸುವವನನ್ನು, ಮರಿ ಹೆಚ್ಚಾಯಿತೆಂದು ಗೋಣಿಚೀಲದಲ್ಲಿ ಕಟ್ಟಿ ಬಿಡುವವನನ್ನು. ಭತ್ತದ ಕಣಜ ಕಾಯುವ ಪ್ರಾಣಿಗೆ ಹಿರಿಯರು ಹಾಕಿದ ಬೇಲಿ ಅದು ಎಂದು ನಾನು ಓದಿಕೊಳ್ಳುತ್ತೇನೆ. ಊಟ ಬಿಟ್ಟು, ನಿಲ್ಲಲಾರದೆ, ಬಾಯಿತುಂಬ ಹುಣ್ಣಾಗಿ ಮಲಗಿದ್ದ ಜೀವದ ನರಳಾಟ ನಿಲ್ಲಿಸಿದವರ ಮೇಲೆ ಅದನ್ನು ಹೊರಿಸುವುದು ಆ ಮಾತಿಗೇ ಮಾಡುವ ಅನ್ಯಾಯ. ಅತ್ತೆಯ ಜೊತೆ ವಾದ ಬೇಡ. ಅವರೂ ಅದಕ್ಕೆ ಅನ್ನ ಹಾಕಿದವರೇ, ಅವರ ದುಃಖ ಆ ದಾರಿಯಲ್ಲಿ ಹೊರಬರುತ್ತಿರಬಹುದು. ಪ್ರಾಯಶ್ಚಿತ್ತ ಮಾಡದೆ ಮನಸ್ಸು ನಿಲ್ಲದು ಎನ್ನುವುದಾದರೆ ಚಿನ್ನ ಬೇಡ: ಊರ ನಾಲ್ಕು ಮರಿಗಳಿಗೆ ಲಸಿಕೆ ಹಾಕಿಸಿ, ಒಂದು ಹೆಣ್ಣು ಬೆಕ್ಕಿಗೆ ಸಂತಾನಹರಣ ಮಾಡಿಸಿ.

ಇಂಜೆಕ್ಷನ್ ಕೊಡಿಸದೆ ಮನೆಯಲ್ಲೇ ಬಿಟ್ಟವರಿಗೆ ಇದರ ತಲೆಕೆಳಗಾದ ಕೊರಗು: ‘ಸುಮ್ಮನೆ ನರಳಿಸಿದೆ’. ನೀವು ಅಡಿಯಲ್ಲಿ ಬಟ್ಟೆ ಬದಲಿಸಿದಿರಿ, ತುಟಿ ಒದ್ದೆ ಮಾಡಿದಿರಿ, ರಾತ್ರಿ ಎದ್ದು ನೋಡಿದಿರಿ. ಅದನ್ನೂ ಹಾಳೆಯಲ್ಲಿ ಬರೆಯಿರಿ.

ಇನ್ನು ಕೆಲವು ಬೆಕ್ಕುಗಳು ಕಣ್ಣೆದುರಿಗೆ ಸಾಯುವುದೇ ಇಲ್ಲ. ಒಂದು ಸಂಜೆ ಕಾಣೆಯಾಗುತ್ತವೆ. ‘ನಮ್ಮ ಮೇಲೆ ಬೇಜಾರಾಗಿ ಹೋಯಿತು’ ಎನ್ನುತ್ತಾರೆ. ಶಕ್ತಿ ಕುಂದಿದ ಪ್ರಾಣಿ ಶತ್ರುವಿನ ಕಣ್ಣಿಗೆ ಬೀಳದ ಕತ್ತಲೆ ಹುಡುಕುತ್ತದೆ, ಅಷ್ಟೇ. ಸೌದೆ ರಾಶಿ, ಅಟ್ಟ, ದರಗಿನ ಗುಡ್ಡೆ, ಸೊಪ್ಪಿನ ಬೆಟ್ಟದ ಅಂಚು ಇಷ್ಟನ್ನು ಒಂದು ವಾರ ಹುಡುಕಿ. ಆಮೇಲೆ ನಿಲ್ಲಿಸುವ ದಿನವನ್ನು ನೀವೇ ಗೊತ್ತು ಮಾಡಿಕೊಳ್ಳಿ, ಸಿಗದಿದ್ದರೂ ಅದು ಮಲಗುತ್ತಿದ್ದ ಗೋಣಿಯನ್ನಾದರೂ ಮಣ್ಣು ಮಾಡಿ.

6. ನಿಜವಾಗಿಯೂ ತಪ್ಪಿದ್ದರೆ

‘ನಿಮ್ಮದೇನೂ ತಪ್ಪಿಲ್ಲ’ ಎಂಬ ಮಾತು ಕೆಲವರಿಗೆ ಹತ್ತುವುದೇ ಇಲ್ಲ. ಹಾಳೆಯಲ್ಲಿ ಗುರುತು ಹಾಕಿದ ಆ ಒಂದೆರಡು ಸಾಲುಗಳಿವೆಯಲ್ಲ. ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟಿರಬಹುದು. ಅದು ಬೆಕ್ಕಿಗೆ ವಿಷ. ಲಸಿಕೆ ಹಾಕಿಸದೇ ಇದ್ದಿರಬಹುದು. ಆಸ್ಪತ್ರೆಗೆ ಮದುವೆ ಮುಗಿಸಿ ಹೋಗೋಣವೆಂದು ನಾಲ್ಕು ದಿನ ತಳ್ಳಿರಬಹುದು.

ಅಲ್ಲಗಳೆಯಬೇಡಿ, ಅದರ ಅಳತೆ ತೆಗೆಯಿರಿ. ವೈದ್ಯರಿಗೆ ಆ ಸಾಲನ್ನೇ ಓದಿ ಹೇಳಿ, ‘ಇದರಿಂದ ಎಷ್ಟು ವ್ಯತ್ಯಾಸವಾಯಿತು?’ ಎಂದು ಕೇಳಿ. ವಾಸಿಯಾಗದ ಕಾಯಿಲೆಯಲ್ಲಿ ಹೆಚ್ಚಿನ ಸಲ ಬರುವ ಉತ್ತರ ‘ಸ್ವಲ್ಪ ದಿನ’. ಆ ‘ಸ್ವಲ್ಪ ದಿನ’ ನಿಮ್ಮದು, ಕಾಯಿಲೆ ನಿಮ್ಮದಲ್ಲ. ನಿಮ್ಮ ಪಾಲಿಗೆ ಬಂದದ್ದಕ್ಕೆ ಏನಾದರೂ ಮಾಡಬಹುದು: ಪ್ಯಾರಾಸಿಟಮಾಲ್ ವಿಷಯವನ್ನು ಓಣಿಯ ಬೆಕ್ಕಿನ ಮನೆಗಳಿಗೆಲ್ಲ ಹೇಳಿ ಬನ್ನಿ. ಅಷ್ಟು ಮಾಡಿದ ಮೇಲೂ ದಿನಾ ಬೈದುಕೊಳ್ಳುತ್ತಿದ್ದರೆ ಅದು ಬೆಕ್ಕಿನ ಯಾವ ಉಪಯೋಗಕ್ಕೂ ಬರುವುದಿಲ್ಲ.

7. ಮನೆಯ ಉಳಿದವರು

ಮಕ್ಕಳಿಗೆ ‘ನಿದ್ದೆ ಮಾಡ್ತಿದೆ’, ‘ಓಡಿ ಹೋಯ್ತು’ ಎನ್ನಬೇಡಿ. ಒಂದಕ್ಕೆ ನಿದ್ದೆಗೆ ಹೆದರುತ್ತವೆ, ಇನ್ನೊಂದಕ್ಕೆ ಗೇಟಿನ ಹತ್ತಿರ ಕಾಯುತ್ತವೆ. ಸತ್ತಿತು ಎಂದೇ ಹೇಳಿ. ‘ನಾನು ಬಾಲ ಎಳೆದದ್ದಕ್ಕಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ‘ಅಲ್ಲ’ ಎಂಬ ಸ್ಪಷ್ಟ ಉತ್ತರ ಸಿದ್ಧವಿರಲಿ.

ಗಂಡಸರಿಗೊಂದು ಮಾತು. ಹೆಂಗಸರು ಅತ್ತು ಹೇಳಿಕೊಳ್ಳುತ್ತಾರೆ, ನೀವು ಗುಂಡಿ ತೋಡಿ ಕೈ ತೊಳೆದು ತೋಟಕ್ಕೆ ಹೋಗುತ್ತೀರಿ. ಒಬ್ಬರ ಹತ್ತಿರವಾದರೂ ಬಾಯಿ ಬಿಡಿ.

ಇನ್ನೊಂದು ಬೆಕ್ಕಿದ್ದರೆ ಅದು ಹುಡುಕುತ್ತದೆ, ಕೂಗುತ್ತದೆ, ಊಟ ಬಿಡಬಹುದು. ಎರಡು ದಿನಕ್ಕಿಂತ ಹೆಚ್ಚು ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪಗಿರುವುದರ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಸಂಚಕಾರವಾಗುತ್ತದೆ.

8. ದಿನ ಕಳೆದರೂ ಹಗುರಾಗದಿದ್ದರೆ

ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ದಾರಿಗೆ ಬರದಿದ್ದರೆ, ಅಥವಾ ಹಿಂದಿನ ಯಾವುದೋ ಸಾವಿನ ದುಃಖವೂ ಇದರ ಜೊತೆ ಎದ್ದು ಬಂದಿದ್ದರೆ, ಒಬ್ಬರೇ ಹೊರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ‘ಬೆಕ್ಕಿಗೋಸ್ಕರ ಬಂದಿದ್ದೀರಾ’ ಎಂದು ನಗುತ್ತಾರೇನೋ ಎಂಬ ಅಳುಕು ಬೇಡ. ಅವರು ನೋಡುವುದು ನಿಮ್ಮ ನಿದ್ದೆ, ನಿಮ್ಮ ಯೋಚನೆ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯದೆ ಆಗಲೇ ಫೋನ್ ಮಾಡಿ.

9. ಮತ್ತೆ ಮರಿ ತರುವ ಮೊದಲು

ಯಾವಾಗ ತರಬೇಕೆಂಬುದಕ್ಕೆ ಶಾಸ್ತ್ರವಿಲ್ಲ. ಹೋದದ್ದರ ಬಣ್ಣವನ್ನೇ ಹುಡುಕುತ್ತಿದ್ದೀರಾದರೆ ಇನ್ನೂ ಸ್ವಲ್ಪ ತಡೆಯಿರಿ, ಅಷ್ಟೇ ನನ್ನ ಸಲಹೆ. ಮೂತ್ರಪಿಂಡದ ಕಾಯಿಲೆ, ಗೆಡ್ಡೆ ಇವು ಅಂಟುವುದಿಲ್ಲ. ಅದೇ ಬಟ್ಟಲು, ಅದೇ ಬುಟ್ಟಿ ತೊಳೆದು ಬಳಸಬಹುದು. ಪ್ಯಾನ್‌ಲ್ಯುಕೋಪೀನಿಯಾ ಎಂಬ ವಾಂತಿ-ಭೇದಿಯ ರೋಗದಲ್ಲಿ ಹೋಗಿದ್ದರೆ ಮಾತ್ರ ಎಚ್ಚರ. ಅದರ ವೈರಸ್ ಮನೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಸಿಮೆಂಟು, ಟೈಲ್ಸ್ ನೆಲವನ್ನು ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ ಒರೆಸಬಹುದು, ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ಅದು ಹತ್ತುವುದಿಲ್ಲ. ಅಂಥ ಮನೆಗೆ ಲಸಿಕೆ ಪೂರ್ತಿಯಾದ ಬೆಕ್ಕನ್ನೇ ತನ್ನಿ. ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರುವಾಗಿ, ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ನಡೆಯುತ್ತದೆ.

ತೋಟದ ಬೆಕ್ಕಿನ ಮೂತ್ರ ನಿಮಗೆ ಕಾಣದು, ಸರಿ; ತೂಕ ಕಾಣುತ್ತದೆ. ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ಒಬ್ಬರೇ ನಿಲ್ಲಿ, ವ್ಯತ್ಯಾಸವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾಲ್ಕು ಕಿಲೋ ಬೆಕ್ಕಿನಲ್ಲಿ 400 ಗ್ರಾಂ ಇಳಿದರೆ ಅದು ಸಣ್ಣದಲ್ಲ. ಏಳು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ರಕ್ತ, ಮೂತ್ರ ಎರಡನ್ನೂ ನೋಡಿಸಿ. ಮೂತ್ರಪಿಂಡದ ಕಾಯಿಲೆ ಬೇಗ ಸಿಕ್ಕರೂ ವಾಸಿಯಾಗುವುದಿಲ್ಲ, ಆದರೆ ಆಹಾರ ಬದಲಿಸಿ ಒಳ್ಳೆಯ ದಿನಗಳನ್ನು ಹೆಚ್ಚಿಸಬಹುದು. ಮೂತ್ರ ಹಿಡಿಯುವುದು ಹೇಗೆಂಬ ಚಿಂತೆ ಬೇಡ, ವೈದ್ಯರೇ ಸಣ್ಣ ಸೂಜಿಯಲ್ಲಿ ನೇರವಾಗಿ ಮೂತ್ರಕೋಶದಿಂದ ತೆಗೆಯುತ್ತಾರೆ.